ಡಾಕ್ ಪಕ್ಕದ ರಾತ್ರಿ ಗಾಳ: ದೀಪ ಉರಿದರೂ ಕ್ರಾಪಿ ಕಚ್ಚದಿದ್ದರೆ ಎಲ್ಲಿಂದ ಹುಡುಕಬೇಕು

ಕ್ರಾಪಿ ಎಂಬ ಸಿಹಿನೀರಿನ ಮೀನಿಗಾಗಿ ಡಾಕ್ (ದೋಣಿ ಕಟ್ಟುವ ಕಟ್ಟೆ) ಪಕ್ಕ ನಿಂತು, ದೋಣಿಯ ಅಂಚಿನಿಂದ ಹಸಿರು ದೀಪ ಇಳಿಬಿಟ್ಟು ಎರಡು ಗಂಟೆಯಾದರೂ ಬೆಂಡು ಮಿಸುಕದಿದ್ದರೆ, ಹೆಚ್ಚಿನವರ ಕೈ ಮೊದಲು ಹೋಗುವುದು ಎರೆಯ ಡಬ್ಬಿಗೆ. ಮಿನ್ನೋ (ಎರೆಯಾಗಿ ಬಳಸುವ ಸಣ್ಣ ಜೀವಂತ ಮೀನು) ತೆಗೆದು ಜಿಗ್ (ಭಾರದ ತಲೆಯ ಕೃತಕ ಎರೆ) ಕಟ್ಟುತ್ತಾರೆ, ಆ ಜಿಗ್ ಬಿಚ್ಚಿ ಇನ್ನೊಂದು ಬಣ್ಣದ್ದು ಕಟ್ಟುತ್ತಾರೆ. ಬ್ಯಾಟರಿಯಿಂದ ಗಾಳದ ಮೊನೆಯವರೆಗಿನ ಸರಪಳಿಯಲ್ಲಿ ತಪ್ಪು ತೀರಾ ಅಪರೂಪಕ್ಕೆ ಸಿಗುವ ಕೊಂಡಿ ಅದು. ಮೊದಲು ವೋಲ್ಟೇಜ್, ಆಮೇಲೆ ದೀಪದ ಜಾಗ, ಆಮೇಲೆ ಗಾಳದ ಆಳ ನೋಡಿ. ಎರೆಯ ಸರದಿ ಬರುವುದು ಇವೆಲ್ಲ ಮುಗಿದ ಮೇಲೆ.

ಇಲ್ಲಿರುವುದು ಅಮೆರಿಕದ ದಕ್ಷಿಣ ಮತ್ತು ಮಧ್ಯ ರಾಜ್ಯಗಳ ಅಣೆಕಟ್ಟೆ ಹಿನ್ನೀರುಗಳ ಮಾತು. ಜಾರ್ಜಿಯಾದ ಲೇನಿಯರ್, ಅಲಬಾಮಾದ ವೈಸ್, ಮಿಸೌರಿಯ ಓಝಾರ್ಕ್ಸ್ ಸರೋವರಗಳಲ್ಲಿ ದಂಡೆಯುದ್ದಕ್ಕೂ ಮನೆಗಳವರ ಖಾಸಗಿ ಡಾಕ್‌ಗಳು ಸಾಲುಗಟ್ಟಿವೆ. ಮೀನಿನ ಹೆಸರನ್ನು ಕ್ರ್ಯಾಪಿ ಎಂದು ಓದುವಂತೆ ಬರೆಯುತ್ತಾರೆ, ಆದರೆ ಹಲವು ಕಡೆ ಹೇಳುವುದು ಕ್ರಾಪಿ ಎಂದೇ. ಇದರಲ್ಲಿ ಎರಡು ಜಾತಿ. ಬೆನ್ನಿನ ರೆಕ್ಕೆಯಲ್ಲಿ ಐದಾರು ಮುಳ್ಳಿದ್ದರೆ ಬಿಳಿ ಕ್ರಾಪಿ, ಏಳೆಂಟಿದ್ದರೆ ಕಪ್ಪು ಕ್ರಾಪಿ. ಬಿಳಿಯದು ಕದಡಿದ ನೀರನ್ನು ಸಹಿಸುತ್ತದೆ. ಕಪ್ಪಿಗೆ ತಿಳಿನೀರು ಮತ್ತು ಮರೆ ಬೇಕು, ಹಾಗಾಗಿ ಲೇನಿಯರ್‌ನಂಥ ತಿಳಿಯಾದ ಸರೋವರದಲ್ಲಿ ಡಾಕ್ ಅಡಿಯಲ್ಲಿ ಕಪ್ಪು ಕ್ರಾಪಿಯನ್ನೇ ನಿರೀಕ್ಷಿಸಿ.

ಮಲ್ಪೆ, ಮಂಗಳೂರು ಕಡೆಯವರಿಗೆ ಲೈಟ್ ಫಿಶಿಂಗ್ ಎಂದೊಡನೆ ಜಗಳ ನೆನಪಾಗುತ್ತದೆ. ಜನರೇಟರ್ ಹೊತ್ತ ಬೋಟುಗಳು ಭಾರಿ ಬೆಳಕು ಹಾಯಿಸಿ ಬಲೆ ಸುತ್ತುವ ಆ ಕಸುಬನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿದೆ. ಇಲ್ಲಿಯದು ಸಿಹಿನೀರಿನಲ್ಲಿ ಒಂದು ಗಾಳಕ್ಕೆ ಒಂದು ಮೀನು ಹಿಡಿಯುವ ಹವ್ಯಾಸ. ಆದರೂ ಎಷ್ಟು ಗಾಳಕೋಲು, ಎಷ್ಟು ಮೀನು, ಎಷ್ಟು ಇಂಚಿನದು ಎಂಬ ಮಿತಿ ರಾಜ್ಯಕ್ಕೊಂದು, ಕೆಲವೆಡೆ ಕೆರೆಗೊಂದು. ಲೈಸೆನ್ಸ್ ತೆಗೆದುಕೊಳ್ಳುವಾಗಲೇ ಅದನ್ನು ಓದಿಕೊಳ್ಳಿ.

ಎಲ್ಲ ಸರಿಯಿದ್ದರೆ ರಾತ್ರಿ ಹೇಗೆ ಸಾಗುತ್ತದೆ

ದೋಷ ಹುಡುಕಬೇಕಾದರೆ ಸರಿಯಾದದ್ದು ಹೇಗಿರುತ್ತದೆಂದು ಗೊತ್ತಿರಬೇಕು. ಮಬ್ಬುಗತ್ತಲಲ್ಲಿ ದೀಪ ಇಳಿಸಿದ ಹತ್ತಿಪ್ಪತ್ತು ನಿಮಿಷಕ್ಕೆ ಬೆಳಕಿನ ಕೋಲಿನಲ್ಲಿ ಧೂಳು ಎದ್ದಂತೆ ಕಾಣುತ್ತದೆ. ಅದು ಡ್ಯಾಫ್ನಿಯಾದಂಥ ಅತಿ ಸಣ್ಣ ನೀರಜೀವಿಗಳ ಗುಂಪು. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅದನ್ನು ತಿನ್ನಲು ಶ್ಯಾಡ್ ಎಂಬ ಮೀನಿನ ಮರಿಗಳು ಬಂದು ದೀಪದ ಸುತ್ತ ಗಾಣದೆತ್ತಿನಂತೆ ತಿರುಗತೊಡಗುತ್ತವೆ. ಶ್ಯಾಡ್ ಗುಂಪಿನ ಕೆಳಗೆ, ಬೆಳಕು ಕತ್ತಲಿಗೆ ತಿರುಗುವ ಅಂಚಿನಲ್ಲಿ ಕ್ರಾಪಿ ಬಂದು ನಿಲ್ಲುತ್ತದೆ. ಅದಕ್ಕೆ ಒಂದು ಗಂಟೆ ಹಿಡಿಯಬಹುದು, ಎರಡೂ ಆಗಬಹುದು.

ಈ ಸಾಲಿನಲ್ಲಿ ಯಾವ ಹಂತದಲ್ಲಿ ನಿಂತಿತು ಎಂಬುದೇ ದೋಷದ ವಿಳಾಸ. ಧೂಳೇ ಬಾರದಿದ್ದರೆ ತೊಂದರೆ ದೀಪದಲ್ಲೋ ನೀರಿನಲ್ಲೋ ಇದೆ. ಧೂಳು ಬಂದು ಶ್ಯಾಡ್ ಬಾರದಿದ್ದರೆ ಜಾಗ ತಪ್ಪಿದೆ. ಶ್ಯಾಡ್ ಬಂದು ಕ್ರಾಪಿ ಕಚ್ಚದಿದ್ದರೆ ನೂರಕ್ಕೆ ತೊಂಬತ್ತು ಪಾಲು ಆಳದ ಲೆಕ್ಕ ತಪ್ಪಿರುತ್ತದೆ. ಕಚ್ಚಿ ಬಿಟ್ಟುಹೋದರೆ ಗಾಳ, ಡ್ರ್ಯಾಗ್ (ದಾರ ಬಿಚ್ಚುವುದನ್ನು ತಡೆಯುವ ರೀಲಿನ ಬಿಗಿತ), ಕೈಯ ಎಳೆತ ನೋಡಿ.

ದೀಪ ಮಂಕಾಗಿದೆ, ಮಿನುಗುತ್ತಿದೆ, ಇಲ್ಲವೇ ಆರಿದೆ

ಹತ್ತು ಡಾಲರ್‌ನ ಮಲ್ಟಿಮೀಟರ್ ಇಲ್ಲದೆ ಈ ಭಾಗಕ್ಕೆ ಇಳಿಯಬೇಡಿ. ಕಣ್ಣಿನ ಅಂದಾಜು ಇಲ್ಲಿ ಕೈಕೊಡುತ್ತದೆ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಅರ್ಧ ಬೆಳಕೂ ಪೂರ್ತಿ ಎನಿಸುತ್ತದೆ.

ದೀಪ ಉರಿಯುತ್ತಿರುವಾಗಲೇ ಅಳೆಯಿರಿ. ಆರಿಸಿ ಅಳೆದ ವೋಲ್ಟೇಜ್‌ನಿಂದ ಪೂರ್ತಿ ಸತ್ಯ ತಿಳಿಯುವುದಿಲ್ಲ. ಸೀಸ-ಆಮ್ಲದ ಬ್ಯಾಟರಿ ತುಂಬಿದಾಗ, ಹೊರೆ ಇಲ್ಲದೆ, ಸುಮಾರು 12.7 ವೋಲ್ಟ್ ತೋರಿಸುತ್ತದೆ, ಅರ್ಧ ಖಾಲಿಯಾದಾಗ 12.1ರ ಆಸುಪಾಸು. ಹಳೆಯ ಬ್ಯಾಟರಿ ಹೊರೆ ಇಲ್ಲದಾಗ 12.6 ತೋರಿಸಿ ಮೋಸ ಮಾಡುತ್ತದೆ. ದೀಪ ಹಾಕಿದ ಹತ್ತು ನಿಮಿಷದಲ್ಲಿ ಅದು 11.8ಕ್ಕೆ ಜಾರಿದರೆ ಫಲಕಗಳಲ್ಲಿ ಸೀಸದ ಸಲ್ಫೇಟ್ ಪದರ ಕಟ್ಟಿದೆ, ಸಾಮರ್ಥ್ಯ ಉಳಿದಿಲ್ಲ ಎಂದು ತಿಳಿಯಿರಿ. ಚಾರ್ಜರ್ ಹಸಿರು ತೋರಿಸಿದರೂ ಆ ಬ್ಯಾಟರಿಯನ್ನು ನಂಬಬೇಡಿ.

ಲೆಕ್ಕವನ್ನು ಮನೆಯಲ್ಲೇ ಹಾಕಿ. ತಲಾ 2 ಆಂಪ್ ಎಳೆಯುವ ನಾಲ್ಕು ಎಲ್‌ಇಡಿ ಕೋಲುಗಳಾದರೆ ಒಟ್ಟು 8 ಆಂಪ್. ಆರು ಗಂಟೆಗೆ 48 ಆಂಪ್-ಅವರ್. 100 ಆಂಪ್-ಅವರ್‌ನ ಸೀಸದ ಬ್ಯಾಟರಿಯಿಂದ ಆಯುಸ್ಸು ಕೆಡದಂತೆ ತೆಗೆಯಬಹುದಾದದ್ದು ಅರ್ಧ, ಅಂದರೆ 50. ಹೊಸ ಬ್ಯಾಟರಿಗೇ ಅಲ್ಲಿಂದಲ್ಲಿಗೆ ಸರಿಹೋಗುವ ಲೆಕ್ಕ ಇದು. ಮೂರು ವರ್ಷ ಹಳೆಯದಾದರೆ ನಡುರಾತ್ರಿಗೇ ಕೈಯೆತ್ತುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಸ್ವಭಾವ ಬೇರೆ. ಕೊನೆಯವರೆಗೆ 13ರ ಹತ್ತಿರ ನಿಂತಿದ್ದು, ಖಾಲಿಯಾದ ಕ್ಷಣ ಒಳಗಿನ ರಕ್ಷಣಾ ಸರ್ಕ್ಯೂಟ್ ಸಂಪರ್ಕವನ್ನೇ ಕಡಿದುಹಾಕುತ್ತದೆ. ಎಲ್ಲ ದೀಪಗಳೂ ಮಂಕಾಗದೆ ಒಮ್ಮೆಲೇ ಆರಿದರೆ ಫ್ಯೂಸ್ ಹುಡುಕುವ ಮೊದಲು ಇದನ್ನು ಯೋಚಿಸಿ.

ಬ್ಯಾಟರಿ ಗಟ್ಟಿಯಿದ್ದು ದೀಪ ಮಂಕಾಗಿದ್ದರೆ ಕಳ್ಳ ತಂತಿಯಲ್ಲಿದ್ದಾನೆ. ಉರಿಯುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ ಒಮ್ಮೆ, ದೀಪದ ಪ್ಲಗ್‌ನಲ್ಲಿ ಒಮ್ಮೆ ಅಳೆಯಿರಿ. ಎರಡರ ನಡುವಿನ ವ್ಯತ್ಯಾಸ 0.4 ವೋಲ್ಟ್ ಮೀರಬಾರದು. ಒಂದು ಉದಾಹರಣೆ: 55 ವಾಟ್‌ನ ಹ್ಯಾಲೋಜನ್ ತೇಲುದೀಪ ಸುಮಾರು 4.5 ಆಂಪ್ ಎಳೆಯುತ್ತದೆ. ಬ್ಯಾಟರಿ ಹಿಂದೆ, ದೀಪ ಮುಂದೆ, ನಡುವೆ 15 ಅಡಿ. ಹೋಗಿ ಬರುವ ತಂತಿ ಸೇರಿ 30 ಅಡಿ. ದೀಪದ ಜೊತೆ ಬಂದ 18 ಗೇಜ್ (ಗೇಜ್ ಅಂಕಿ ಹೆಚ್ಚಿದಷ್ಟೂ ತಂತಿ ತೆಳು) ತಂತಿಯನ್ನೇ ಉದ್ದ ಮಾಡಿಕೊಂಡಿದ್ದರೆ ದಾರಿಯಲ್ಲೇ 0.86 ವೋಲ್ಟ್ ಕರಗುತ್ತದೆ. ಹ್ಯಾಲೋಜನ್ ಬೆಳಕು ವೋಲ್ಟೇಜ್‌ಗಿಂತ ಬಹಳ ವೇಗವಾಗಿ ಇಳಿಯುವುದರಿಂದ ಇಷ್ಟಕ್ಕೇ ಹೆಚ್ಚುಕಡಿಮೆ ಕಾಲುಭಾಗ ಬೆಳಕು ಹೋಯಿತು. ಅದೇ ಜಾಗಕ್ಕೆ 14 ಗೇಜ್ ಹಾಕಿದರೆ ನಷ್ಟ 0.34 ವೋಲ್ಟ್‌ಗೆ ನಿಲ್ಲುತ್ತದೆ.

ಎಲ್‌ಇಡಿಗೆ ಈ ಕಾಟ ಇಲ್ಲ ಎಂಬ ನಂಬಿಕೆ ಅರ್ಧ ಸತ್ಯ. ಒಳಗೆ ಡ್ರೈವರ್ (ಕರೆಂಟು ನಿಯಂತ್ರಿಸುವ ಸರ್ಕ್ಯೂಟ್) ಇರುವ ದೀಪ ವೋಲ್ಟೇಜ್ ಇಳಿದಂತೆ ಹೆಚ್ಚು ಆಂಪ್ ಎಳೆದು ಬೆಳಕನ್ನು ಹಿಡಿದಿಡುತ್ತದೆ, ಕೊನೆಗೆ ತಾಳಲಾರದೆ ಮಿನುಗುತ್ತದೆ. ಅಗ್ಗದ ಪಟ್ಟಿದೀಪಗಳಲ್ಲಿ ಡ್ರೈವರ್ ಇರುವುದಿಲ್ಲ. ಮೂರು ಹಸಿರು ಎಲ್‌ಇಡಿ, ಜೊತೆಗೊಂದು ರೆಸಿಸ್ಟರ್, ಅಷ್ಟೆ. ಮೂರು ಎಲ್‌ಇಡಿಗೇ ಸುಮಾರು 9.6 ವೋಲ್ಟ್ ಬೇಕು. 12.6 ಬಂದಾಗ ರೆಸಿಸ್ಟರ್ ಪಾಲಿಗೆ 3 ಉಳಿಯುತ್ತದೆ, 11.4 ಬಂದಾಗ 1.8 ಮಾತ್ರ. ವೋಲ್ಟೇಜ್ ಹತ್ತರಲ್ಲೊಂದು ಪಾಲು ಇಳಿದದ್ದಕ್ಕೆ ಕರೆಂಟು ಐದರಲ್ಲೆರಡು ಪಾಲಿನಷ್ಟು ಇಳಿಯಿತು. ಪಟ್ಟಿದೀಪದ ಬುಡ ಪ್ರಕಾಶಿಸಿ ಬಾಲ ಮಂಕಾಗಿದ್ದರೆ ಕಾರಣ ಇದೇ. ಬಾಲದ ತುದಿಗೂ ಪ್ರತ್ಯೇಕ ತಂತಿ ಎಳೆದು ಎರಡೂ ಕಡೆಯಿಂದ ಕರೆಂಟು ಕೊಟ್ಟರೆ ಸರಿಹೋಗುತ್ತದೆ.

ತಂತಿ ದಪ್ಪವಿದ್ದೂ ನಷ್ಟ ಹೆಚ್ಚಿದ್ದರೆ ಒಂದೊಂದು ಕೂಡಿಕೆಯನ್ನೂ ಅಳೆಯಬೇಕು. ಮೀಟರಿನ ಒಂದು ಮೊನೆ ಕೂಡಿಕೆಯ ಈಚೆ, ಇನ್ನೊಂದು ಆಚೆ. 0.1 ವೋಲ್ಟ್‌ಗಿಂತ ಹೆಚ್ಚು ತೋರಿಸಿದ ಕೂಡಿಕೆಯನ್ನು ಕತ್ತರಿಸಿ ಬಿಸಾಡಿ. ಋಣ ತಂತಿಯ ಕಡೆಯೂ ಇದೇ ಪರೀಕ್ಷೆ ಮಾಡಿ, ಅಲ್ಲಿ ಬಹಳ ಜನ ನೋಡುವುದೇ ಇಲ್ಲ. ಅಪರಾಧಿಗಳ ಪಟ್ಟಿಯಲ್ಲಿ ಮೊದಲ ಹೆಸರು ಕಾರಿನ ಸಿಗರೇಟ್ ಲೈಟರ್ ಮಾದರಿಯ ಪ್ಲಗ್. ಅದರ ಸ್ಪ್ರಿಂಗ್ ತುದಿ ಸಡಿಲಾಗಿ ಬಿಸಿಯಾಗುತ್ತದೆ. ಮುಟ್ಟಿ ನೋಡಿದಾಗ ಬೆಚ್ಚಗಿದ್ದರೆ ಸಾಕ್ಷಿ ಸಿಕ್ಕಂತೆ. ಎರಡನೆಯದು ಮೊಸಳೆ ಕ್ಲಿಪ್. ಮೂರನೆಯದು ಟೇಪ್ ಸುತ್ತಿದ ಹಳೆಯ ಕ್ರಿಂಪ್ (ಒತ್ತಿ ಬಿಗಿದ ತಂತಿಯ ಕೂಡಿಕೆ): ಟೇಪ್ ಬಿಚ್ಚಿದರೆ ಒಳಗೆ ಹಸಿರು ಪುಡಿ ಇರುತ್ತದೆ, ತಂತಿಯ ಹೊದಿಕೆಯನ್ನು ಸುಲಿದರೆ ತಾಮ್ರ ಒಂದೆರಡು ಇಂಚಿನವರೆಗೆ ಕಪ್ಪಗಾಗಿರುತ್ತದೆ. ಆ ಕಪ್ಪು ತುದಿಗೇ ಹೊಸ ಕ್ರಿಂಪ್ ಹೊಡೆದರೆ ಒಂದು ತಿಂಗಳೂ ಬಾಳದು. ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ, ಒಳಗೆ ಅಂಟು ಇರುವ ಶಾಖಕ್ಕೆ ಕುಗ್ಗುವ ಕೊಳವೆ ಹಾಕಿ. ಹೊಸದಾಗಿ ಎಳೆಯುವುದಾದರೆ ತವರ ಲೇಪಿಸಿದ ದೋಣಿಯ ತಂತಿಯನ್ನೇ ತನ್ನಿ. ಫ್ಯೂಸ್ ಬ್ಯಾಟರಿಯಿಂದ 7 ಇಂಚಿನೊಳಗೆ ಇರಲಿ. 16 ಗೇಜ್‌ಗೆ 10 ಆಂಪ್, 14 ಗೇಜ್‌ಗೆ 15 ಆಂಪ್ ಮೀರಬೇಡಿ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡದು ಹಾಕುವುದು ಪರಿಹಾರವಲ್ಲ. ತಂತಿ ಎಲ್ಲೋ ಅಂಚಿಗೆ ಉಜ್ಜಿ ಬರಿದಾಗಿದೆ.

ಇನ್ನು 24 ವೋಲ್ಟ್ ಟ್ರೋಲಿಂಗ್ ಮೋಟಾರ್ (ದೋಣಿಯನ್ನು ಮೆಲ್ಲಗೆ ನಡೆಸುವ ವಿದ್ಯುತ್ ಮೋಟಾರ್) ಇರುವ ದೋಣಿಗಳು. ಸರಣಿಯಲ್ಲಿರುವ ಎರಡು ಬ್ಯಾಟರಿಗಳ ಎರಡು ಕೊನೆಗಳಿಗೆ ಕತ್ತಲಲ್ಲಿ ಕ್ಲಿಪ್ ಹಾಕಿದರೆ 12 ವೋಲ್ಟ್ ದೀಪ ಅಲ್ಲೇ ಸುಟ್ಟಿತು. ಅವುಗಳಲ್ಲಿ ಒಂದಕ್ಕೆ ಮಾತ್ರ ದೀಪ ಹಾಕಿದರೆ ದೀಪವೇನೋ ಉರಿಯುತ್ತದೆ, ಆದರೆ ಆ ಒಂದು ಬ್ಯಾಟರಿ ಬರಿದಾಗಿ ಮೋಟಾರ್ ಸೊರಗುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ದೀಪ ಉರಿಸುವವರಿಗೆ ಬೆಳಗಿನ ಜಾವ ಮೂರಕ್ಕೆ ಉತ್ತರ ಸಿಗುತ್ತದೆ. ದೀಪಕ್ಕೆ ಅದರದೇ ಬ್ಯಾಟರಿ ಇರಲಿ.

ದೀಪದ ಗಾಜಿನೊಳಗೆ ಮಂಜು ಕಟ್ಟಿದ್ದರೆ ನೀರು ಕೇಬಲ್ ಒಳಹೋಗುವ ಬಾಯಿಯಿಂದ ನುಗ್ಗಿದೆ. ದೋಣಿಯ ಮೇಲೆ ಹೊತ್ತಿಸಿ ಪರೀಕ್ಷಿಸುವ ಅಭ್ಯಾಸವೇ ಇದಕ್ಕೆ ಕಾರಣ. ಮುಳುಗು ದೀಪಕ್ಕೆ ತಂಪು ಕೊಡುವುದು ನೀರು. ಗಾಳಿಯಲ್ಲಿ ಉರಿದು ಕಾದದ್ದನ್ನು ತಣ್ಣೀರಿಗೆ ಹಾಕಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರಿಕೊಳ್ಳುತ್ತದೆ. ಹ್ಯಾಲೋಜನ್ ಆದರೆ ಗಾಜೇ ಸೀಳುತ್ತದೆ. ನೀರಿಗಿಳಿಸಿ ಆಮೇಲೆ ಸ್ವಿಚ್ ಹಾಕಿ, ಆರಿಸಿ ಆಮೇಲೆ ಮೇಲೆತ್ತಿ.

ಕೈ ಜುಮ್ಮೆಂದರೆ

ಡಾಕ್‌ನ ಕಬ್ಬಿಣ, ಏಣಿ, ಇಲ್ಲವೇ ನೀರು ಮುಟ್ಟಿದಾಗ ಕೈ ಜುಮ್ಮೆಂದರೆ ಅಲ್ಲಿಗೆ ಎಲ್ಲ ಕೆಲಸ ನಿಲ್ಲಿಸಿ ದೋಣಿಯನ್ನು ದೂರ ಒಯ್ಯಿರಿ. ಅದು ನಿಮ್ಮ 12 ವೋಲ್ಟ್‌ನಿಂದ ಬಂದದ್ದಲ್ಲ. ಡಾಕ್‌ನ 120 ವೋಲ್ಟ್ ಲೈನ್ ನೀರಿಗೆ ಸೋರುತ್ತಿದೆ. ಸಿಹಿನೀರಿಗಿಂತ ಮನುಷ್ಯನ ಮೈ ಕರೆಂಟಿಗೆ ಸುಲಭದ ದಾರಿ. ಹಾಗಾಗಿ ಆ ನೀರಿಗಿಳಿದವರ ಸ್ನಾಯು ಸೆಟೆದು ಸದ್ದಿಲ್ಲದೆ ಮುಳುಗುತ್ತಾರೆ. ಸಿಕ್ಕಿಕೊಂಡ ಲಂಗರು ಬಿಡಿಸಲೆಂದು ಡಾಕ್ ಪಕ್ಕ ಎಂದೂ ನೀರಿಗೆ ಇಳಿಯಬೇಡಿ. ಯಾರಾದರೂ ಒದ್ದಾಡುತ್ತಿದ್ದರೆ ಹಾರಬೇಡಿ. ಡಾಕ್‌ನ ಮೇನ್ ಸ್ವಿಚ್ ಆಫ್ ಮಾಡಿಸಿ, ತೇಲುವ ವಸ್ತು ಎಸೆಯಿರಿ, ಸಹಾಯ ಕರೆಯಿರಿ. ಡಾಕ್ ಮಾಲೀಕರಿಗೆ ಆ ರಾತ್ರಿಯೇ ತಿಳಿಸಿ.

ಇನ್ನೊಂದು ಚಿಕ್ಕ ಮಾತು. ಲಂಗರು ಹಾಕಿ ನಿಂತ ದೋಣಿಯಲ್ಲಿ ಸುತ್ತಲಿಂದಲೂ ಕಾಣುವ ಬಿಳಿ ದೀಪ ಎತ್ತರದಲ್ಲಿ ಉರಿಯುತ್ತಿರಲಿ. ಹುಳು ಮುತ್ತುತ್ತದೆಂದು ಅದನ್ನು ಆರಿಸುವವರಿದ್ದಾರೆ. ದೋಣಿಯ ಹೊರಮೈಗೆ ಹಸಿರು ಪಟ್ಟಿದೀಪ ಅಂಟಿಸಿ ನೀರಿನ ಮೇಲೆ ಉರಿಸುವುದೂ ತಪ್ಪು. ಬಲಬದಿಯ ಸಂಚಾರ ದೀಪವೂ ಹಸಿರೇ ಆದ್ದರಿಂದ, ಎದುರಿನಿಂದ ಬರುವವನಿಗೆ ನಿಮ್ಮ ದೋಣಿ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ತಿಳಿಯುವುದಿಲ್ಲ.

ದೀಪ ಹಾಕಿದೊಡನೆ ಸೋನಾರ್ ತುಂಬ ಕಸ

ದೀಪದ ಸ್ವಿಚ್ ಒತ್ತಿದ ಕ್ಷಣ, ನೀರೊಳಗಿನ ಮೀನನ್ನು ಶಬ್ದದಿಂದ ಪತ್ತೆಹಚ್ಚುವ ಸೋನಾರ್ ಯಂತ್ರದ ಪರದೆಯಲ್ಲಿ ಅಡ್ಡಗೆರೆ, ಚುಕ್ಕೆ, ಮಳೆ ಬಿದ್ದಂತೆ ಕಂಡರೆ ಎಲ್‌ಇಡಿ ಡ್ರೈವರ್‌ನ ವಿದ್ಯುತ್ ಗದ್ದಲ ಸೋನಾರ್‌ಗೆ ಹೊಕ್ಕಿದೆ. ಖಚಿತಪಡಿಸಿಕೊಳ್ಳಲು ದೀಪ ಆರಿಸಿ, ಹಚ್ಚಿ, ಆರಿಸಿ ನೋಡಿ. ಸೋನಾರ್‌ಗೆ ಬೇರೆ ಸಣ್ಣ ಬ್ಯಾಟರಿ ಕೊಟ್ಟರೆ ಹೆಚ್ಚಿನ ಸಲ ಹೋಗುತ್ತದೆ. ಹೋಗದಿದ್ದರೆ ಗದ್ದಲ ಬರುತ್ತಿರುವುದು ಗಾಳಿಯ ಮೂಲಕ: ದೀಪದ ತಂತಿ ಮತ್ತು ಟ್ರಾನ್ಸ್‌ಡ್ಯೂಸರ್ (ಸೋನಾರ್ ಶಬ್ದ ಕಳಿಸಿ ಹಿಡಿಯುವ ಭಾಗ) ಕೇಬಲ್ ಜೊತೆಜೊತೆಯಾಗಿ ಓಡುತ್ತಿವೆ. ಒಂದಡಿ ದೂರ ಮಾಡಿ, ಅಡ್ಡ ಹಾಯಲೇಬೇಕಿದ್ದರೆ ನೇರ ಕೋನದಲ್ಲಿ ಹಾಯಿಸಿ, ದೀಪದ ತಂತಿಗೆ ಗದ್ದಲ ತಗ್ಗಿಸುವ ಫೆರೈಟ್ ಉಂಗುರ ತೊಡಿಸಿ. ಸೆನ್ಸಿಟಿವಿಟಿ ಇಳಿಸಿ ಕಸ ಮುಚ್ಚಿಹಾಕುವುದು ಬೇಡ. ಅದರ ಜೊತೆ ಕ್ರಾಪಿಯ ಗುರುತೂ ಅಳಿಸಿಹೋಗುತ್ತದೆ.

ದೀಪ ಚೆನ್ನಾಗಿದೆ, ಆದರೆ ನೀರು ಖಾಲಿ

ಹಗಲಿರುವಾಗಲೇ ಬಿಳಿ ಪ್ಲಾಸ್ಟಿಕ್ ಮುಚ್ಚಳಕ್ಕೆ ಸೀಸ ಕಟ್ಟಿ ಇಳಿಸಿ, ಎಷ್ಟು ಅಡಿಗೆ ಕಣ್ಮರೆಯಾಗುತ್ತದೆ ನೋಡಿ. ಒಂದಡಿಯೊಳಗೇ ಮಾಯವಾದರೆ ಮಳೆಯ ಕೆಸರು ಇದೆ. ಎಷ್ಟು ವಾಟ್ ಸುರಿದರೂ ಬೆಳಕು ದೀಪದ ಸುತ್ತ ಕಂದು ಉಂಡೆಯಾಗಿ ನಿಲ್ಲುತ್ತದೆ. ಕೆಸರು ನುಗ್ಗಿದ ಆ ಮೂಲೆ ಬಿಟ್ಟು ಅಣೆಕಟ್ಟೆಯ ಕಡೆಗಿನ ತಿಳಿನೀರಿಗೆ ಹೋಗಿ. ಮೂರರಿಂದ ಆರಡಿ ಕಂಡರೆ ಒಳ್ಳೆಯ ನೀರು. ದೀಪವನ್ನು ಎರಡರಿಂದ ನಾಲ್ಕಡಿ ಕೆಳಗೆ ತೂಗುಬಿಡಿ. ಹತ್ತಡಿ ಕಂಡರೆ ದೀಪವೂ ಆರೆಂಟು ಅಡಿಗೆ ಇಳಿಯಲಿ. ಇಲ್ಲವಾದರೆ ಬೆಳಕಿನ ಕೊಡೆ ತೀರಾ ಅಗಲವಾಗಿ, ಮೀನು ಗಾಳ ಮುಟ್ಟದಷ್ಟು ದೂರದ ಅಂಚಿನಲ್ಲಿ ನಿಲ್ಲುತ್ತದೆ. ಎಲ್‌ಇಡಿ ಕೋಲು ತೇಲಲು ನೋಡುತ್ತದೆ, ಕೆಳತುದಿಗೆ ಸಾಕಷ್ಟು ಭಾರ ಕಟ್ಟಿ. ಓಲಾಡುವ ದೀಪದಿಂದ ನೆರಳುಗಳೂ ಓಲಾಡಿ ಶ್ಯಾಡ್ ಚದುರುತ್ತದೆ.

ನೀರಿನ ಮೇಲೆ, ದೋಣಿಯ ಕಂಬಿಗೆ ಕಟ್ಟುವ ದೀಪವಾದರೆ ಬಗ್ಗಿಸುವ ಕೋನವೇ ಎಲ್ಲ. ನೇರ ಕೆಳಮುಖವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ನೀರಿನ ಮೇಲ್ಮೈಯಿಂದ ಹಿಂತಿರುಗುತ್ತದೆ. ಬಹುತೇಕ ಅಡ್ಡವಾಗಿ, ಲಂಬದಿಂದ 80 ಡಿಗ್ರಿ ಓರೆಯಲ್ಲಿ ಬಿದ್ದರೆ ಮೂರರಲ್ಲೊಂದು ಪಾಲಿಗೂ ಹೆಚ್ಚು ಜಾರಿಹೋಗಿ ಎದುರಿನ ಮನೆಯ ಮಲಗುವ ಕೋಣೆಗೆ ಬೀಳುತ್ತದೆ. ಡಾಕ್ ಮಾಲೀಕರು ಬಾಗಿಲು ತೆರೆದು ಕೂಗುವುದು ಸುಮ್ಮನೆ ಅಲ್ಲ. ಹುಳುಗಳ ಕಾಟವೂ ಮೇಲಿನ ದೀಪಕ್ಕೇ ಹೆಚ್ಚು, ಅದರಲ್ಲೂ ಬಿಳಿಗೆ. ಗಂಟು ಹಾಕಲು ತಲೆಗೆ ಕೆಂಪು ಬೆಳಕಿನ ಟಾರ್ಚ್ ಸಾಕು.

ಬಣ್ಣದ ವಾದ ಎಂದಿಗೂ ಮುಗಿಯುವುದಿಲ್ಲ. ಪಾಚಿಯಿಂದ ಹಸಿರಾದ ಹಿನ್ನೀರಿನಲ್ಲಿ ಹಸಿರು ಬೆಳಕು ದೂರ ಸಾಗುತ್ತದೆ, ಕೆಂಪು ಮೊದಲೇ ಸಾಯುತ್ತದೆ ಎಂಬಷ್ಟು ನಿಜ. ಹಸಿರಿಗೂ ಬಿಳಿಗೂ ನಡುವಿನ ವ್ಯತ್ಯಾಸ, ಸರಿಯಾದ ಡಾಕ್‌ಗೂ ತಪ್ಪು ಡಾಕ್‌ಗೂ ನಡುವಿನ ವ್ಯತ್ಯಾಸದ ಮುಂದೆ ಏನೂ ಅಲ್ಲ.

ಸರಿಯಾದ ಡಾಕ್ ಎಂದರೆ ಯಾವುದು? ಹೊರತುದಿಯಲ್ಲಿ 12ರಿಂದ 25 ಅಡಿ ನೀರು, ಹಳೆಯ ಹೊಳೆಯ ಪಾತ್ರ ಹತ್ತಿರ, ಅಡಿಯಲ್ಲಿ ಮಾಲೀಕರು ಮುಳುಗಿಸಿದ ಮರದ ಕೊಂಬೆಗಳ ರಾಶಿ. ಗಾಳಕೋಲು ಸಿಕ್ಕಿಸುವ ತೂತುಗಳು ಡಾಕ್‌ನ ಕಂಬಿಯಲ್ಲಿ ಕಂಡರೆ ಅಲ್ಲಿ ಕೊಂಬೆ ಇದೆ ಎಂದೇ ಭಾವಿಸಬಹುದು. ವರ್ಷಪೂರ್ತಿ ಪ್ರತಿ ರಾತ್ರಿ ನೀರೊಳಗಿನ ಹಸಿರು ದೀಪ ಉರಿಯುವ ಡಾಕ್ ಪಕ್ಕದಲ್ಲೇ ಇದ್ದರೆ ನಿಮ್ಮ ದೀಪಕ್ಕೆ ಮೀನು ಬರುವುದಿಲ್ಲ. ಅವಕ್ಕೆ ಆ ದೀಪದ ರೂಢಿ ಬಿದ್ದಿದೆ. ನಿಮ್ಮದನ್ನು ಆರಿಸಿ, ಅವರ ಬೆಳಕಿನ ಅಂಚಿಗೆ ಕತ್ತಲಿಂದ ಜಿಗ್ ಎಸೆಯುವುದೇ ಜಾಣತನ. ಹುಣ್ಣಿಮೆಯ ಆಸುಪಾಸಿನಲ್ಲಿ ಆಕಾಶವೇ ಬೆಳಗುವುದರಿಂದ ದೀಪದ ಸೆಳೆತ ಕುಗ್ಗುತ್ತದೆ. ಅಮಾವಾಸ್ಯೆಯ ವಾರ ಆರಿಸಿಕೊಳ್ಳಿ, ಆಗದಿದ್ದರೆ ಚಂದ್ರ ಹುಟ್ಟುವ ಮೊದಲು ಕುಳಿತುಕೊಳ್ಳಿ.

ಎಲ್ಲ ಸರಿಯಿದ್ದೂ ಶ್ಯಾಡ್ ಬಂದು ಬಂದು ಹೋಗುತ್ತಿದ್ದರೆ ದೋಣಿ ತೂಗಾಡುತ್ತಿದೆ. ಮೂತಿಗೊಂದೇ ಲಂಗರು ಹಾಕಿದರೆ ಗಾಳಿಗೆ ಹಿಂಭಾಗ ಹತ್ತಡಿ ಆಚೀಚೆ ಬೀಸುತ್ತದೆ, ಜೊತೆಗೆ ದೀಪವೂ ಬೀಸುತ್ತದೆ. ಹಿಂದೆಯೂ ಒಂದು ಲಂಗರು ಬೇಕು. ಎಲ್ಲಿ ಹಾಕುತ್ತೀರಿ ಎಂಬುದನ್ನು ಮಾತ್ರ ನೋಡಿಕೊಳ್ಳಿ: ನೀರಿನ ಮಟ್ಟ ಏರಿಳಿಯುವ ಹಿನ್ನೀರಿನಲ್ಲಿ ಡಾಕ್‌ಗಳು ತೇಲುತ್ತಿರುತ್ತವೆ, ಅವುಗಳನ್ನು ಉಕ್ಕಿನ ಹಗ್ಗಗಳಿಂದ ದಡಕ್ಕೆ ಬಿಗಿದಿರುತ್ತಾರೆ. ಲಂಗರು ಆ ಹಗ್ಗಕ್ಕೆ ಸಿಕ್ಕಿದರೆ ಬಿಡಿಸುವುದು ಕಷ್ಟ. ಡಾಕ್‌ನ ಹೊರಬದಿಗೆ, ಆಳದ ಕಡೆಗೆ ಮಾತ್ರ ಹಾಕಿ. ನೀರು ಎಲ್ಲರದಾದರೂ ಡಾಕ್ ಖಾಸಗಿ, ಅದಕ್ಕೆ ದೋಣಿ ಕಟ್ಟಬೇಕಾದರೆ ಕೇಳಿ ಕಟ್ಟಿ. ಜಿಪಿಎಸ್‌ನಿಂದ ದೋಣಿಯನ್ನು ನಿಲ್ಲಿಸುವ ಟ್ರೋಲಿಂಗ್ ಮೋಟಾರ್ ಅನುಕೂಲವೇ. ಆದರೆ ಮರುಮರು ಗಿರ್ರೆನ್ನುವ ಅದರ ಪಂಖ ದೀಪದ ಪಕ್ಕದಲ್ಲೇ ಇದ್ದರೆ ಲಂಗರಿನ ನಿಶ್ಶಬ್ದಕ್ಕೆ ಸಮನಲ್ಲ.

ಸುತ್ತುತ್ತಿದ್ದ ಶ್ಯಾಡ್ ಥಟ್ಟನೆ ಚೆಲ್ಲಾಪಿಲ್ಲಿಯಾದರೆ ಗಾಬರಿ ಬೇಡ, ಕೆಳಗಿನಿಂದ ದೊಡ್ಡ ಬೇಟೆ ಮೀನೊಂದು ನುಗ್ಗಿದೆ: ಸ್ಟ್ರೈಪರ್, ಗಾರ್, ಕ್ಯಾಟ್‌ಫಿಶ್. ಇಪ್ಪತ್ತು ನಿಮಿಷ ಕಾಯಿರಿ. ಉದ್ದ ಮೂತಿಯ ಗಾರ್ ದೀಪದ ಕೆಳಗೆ ಮರದ ತುಂಡಿನಂತೆ ನಿಂತುಬಿಟ್ಟರೆ ಮಾತ್ರ ಜಾಗ ಬದಲಿಸಿ.

ಶ್ಯಾಡ್ ಇದೆ, ಬೆಂಡು ಮಿಸುಕುತ್ತಿಲ್ಲ

ಕ್ರಾಪಿಯ ಕಣ್ಣು ತಲೆಯ ಮೇಲ್ಭಾಗಕ್ಕಿದೆ. ಅದು ಮೇಲೆ ನೋಡಿ ಉಣ್ಣುವ ಮೀನು. ಎರೆ ಅದಕ್ಕಿಂತ ಒಂದೆರಡಡಿ ಮೇಲಿದ್ದರೆ ಎದ್ದುಬಂದು ನುಂಗುತ್ತದೆ, ಒಂದಡಿ ಕೆಳಗಿದ್ದರೂ ಕಾಣುವುದಿಲ್ಲ. ಹೀಗಾಗಿ ತಪ್ಪುವುದಿದ್ದರೆ ಮೇಲಕ್ಕೇ ತಪ್ಪಿ.

ಮೊದಲ ಗಂಟೆ ನಾಲ್ಕು ಕೋಲುಗಳನ್ನು 8, 11, 14, 17 ಅಡಿಗೆ ಮೆಟ್ಟಿಲು ಮೆಟ್ಟಿಲಾಗಿ ಬಿಡಿ. ರಾಜ್ಯದ ನಿಯಮ ಎರಡೇ ಕೋಲು ಎಂದರೆ 9 ಮತ್ತು 14ರಿಂದ ಶುರುಮಾಡಿ. ದಾರದ ಮೇಲೆ ಜಾರುವ ಬೆಂಡನ್ನು ಬೇಕಾದ ಆಳಕ್ಕೆ ತಡೆಯುವ ಗಂಟನ್ನು ಅಳತೆ ಮಾಡಿ ಕಟ್ಟಿ, ಇಲ್ಲವೇ ರೀಲಿನ ಪಕ್ಕದಿಂದ ಮೊದಲ ಉಂಗುರದವರೆಗೆ ಎಷ್ಟು ಇಂಚೆಂದು ಒಮ್ಮೆ ಅಳೆದಿಟ್ಟುಕೊಂಡು ಅಷ್ಟಷ್ಟೇ ದಾರ ಎಳೆದು ಎಣಿಸಿ. ಅಂದಾಜಿಗೆ ಬಿಟ್ಟ ದಾರದಲ್ಲಿ ಮೀನು ಸಿಕ್ಕರೂ ಮತ್ತೆ ಅದೇ ಆಳ ಸಿಗುವುದಿಲ್ಲ. ಒಂದೇ ಆಳದಲ್ಲಿ ಎರಡು ಮೀನು ಬಂದರೆ ಎಲ್ಲ ಕೋಲುಗಳನ್ನೂ ಅಲ್ಲಿಗೆ ತನ್ನಿ. ರಾತ್ರಿ ಬೆಳೆದಂತೆ ಕ್ರಾಪಿ ಸಾಮಾನ್ಯವಾಗಿ ಮೇಲೇರುತ್ತದೆ. ಹತ್ತು ಗಂಟೆಗೆ 15 ಅಡಿಯಲ್ಲಿದ್ದದ್ದು ಹನ್ನೆರಡಕ್ಕೆ 9 ಅಡಿಯಲ್ಲಿರಬಹುದು. ಕಚ್ಚುವುದು ನಿಂತೊಡನೆ ಮೀನು ಹೋಯಿತು ಎಂದುಕೊಳ್ಳದೆ ಒಂದು ಕೋಲನ್ನು ಮೂರಡಿ ಎತ್ತಿ ನೋಡಿ.

ಬೇಸಿಗೆಯಲ್ಲಿ ಕೆಳಮಿತಿಯೂ ಉಂಟು. ಬಿಸಿ ನೀರು ಮೇಲೆ, ತಣ್ಣೀರು ಕೆಳಗೆ ಪದರಗಟ್ಟಿ, ನಡುವಿನ ಗಡಿಗಿಂತ ಕೆಳಗೆ ಆಮ್ಲಜನಕ ತೀರಿಹೋಗಿರುತ್ತದೆ. ಸೋನಾರ್‌ನ ಸೆನ್ಸಿಟಿವಿಟಿ ಏರಿಸಿದರೆ 15ರಿಂದ 30 ಅಡಿಯ ನಡುವೆ ಎಲ್ಲೋ ಹೊಗೆಯ ಗೆರೆಯಂತೆ ಆ ಗಡಿ ಕಾಣುತ್ತದೆ. ಸೋನಾರ್ ಇಲ್ಲದವರಿಗೆ ಮಿನ್ನೋ ಸಾಕ್ಷಿ ಹೇಳುತ್ತದೆ: ಚುರುಕಾಗಿದ್ದ ಮಿನ್ನೋವನ್ನು ಇಳಿಸಿ ಹತ್ತು ನಿಮಿಷಕ್ಕೆ ಎಳೆದಾಗ, ಕಚ್ಚಿದ ಗುರುತಿಲ್ಲದೆ, ಬಾಯಿ ತೆರೆದು ಸತ್ತು ಬಂದರೆ ಗಾಳ ಗಡಿಯ ಕೆಳಗಿದೆ. ಐದಡಿ ಎತ್ತಿ, ಹೊಸ ಮಿನ್ನೋ ಹಾಕಿ. ಅದು ಜೀವಂತ ಬಂದ ಆಳವೇ ನಿಮ್ಮ ನೆಲ.

ಮೇಲಿನ ಬಕೆಟ್‌ನಲ್ಲೇ ಮಿನ್ನೋ ಸಾಯುತ್ತಿದ್ದರೆ ಅದು ಬೇರೆ ಕಥೆ. ನಲ್ಲಿಯ ನೀರಿನ ಕ್ಲೋರಿನ್ ಕೊಲ್ಲುತ್ತಿದೆ, ಅಥವಾ ತಂಪು ಮಾಡಲೆಂದು ಹಾಕಿದ ಮಂಜುಗಡ್ಡೆ ಅದೇ ನಲ್ಲಿಯ ನೀರಿನದು. ಮಂಜುಗಡ್ಡೆಯನ್ನು ಬಾಟಲಿಯಲ್ಲಿ ಮುಚ್ಚಿ ತೇಲಿಬಿಡಿ, ಗಾಳಿ ಊದುವ ಸಣ್ಣ ಪಂಪ್ ಹಾಕಿ.

ಕಚ್ಚುತ್ತದೆ, ದೋಣಿಗೆ ಬರುವುದಿಲ್ಲ

ಬೆಂಡು ಮುಳುಗುವುದನ್ನೇ ಕಾಯುತ್ತ ಕುಳಿತವರು ಅರ್ಧ ಕಚ್ಚುಗಳನ್ನು ಕಾಣುವುದೇ ಇಲ್ಲ. ಕ್ರಾಪಿ ಕೆಳಗಿನಿಂದ ಬಂದು ಎರೆಯನ್ನು ಎತ್ತಿಕೊಂಡು ಮೇಲೇರುತ್ತದೆ. ಸೀಸದ ಭಾರ ತಪ್ಪಿದೊಡನೆ ನೆಟ್ಟಗೆ ನಿಂತಿದ್ದ ಬೆಂಡು ಪಕ್ಕಕ್ಕೆ ಮಲಗುತ್ತದೆ. ಬೆಂಡಿಲ್ಲದಿದ್ದರೆ ಕೋಲಿನ ತುದಿ ಸ್ವಲ್ಪ ನೆಟ್ಟಗಾಗಿ ದಾರ ಸಡಿಲವಾಗುತ್ತದೆ. ಅದೇ ಕಚ್ಚು. ಸಡಿಲ ಸುತ್ತಿಕೊಂಡು ಮಣಿಕಟ್ಟಿನಿಂದ ಎತ್ತಿದರೆ ಸಾಕು, ಭುಜದಿಂದ ಝಾಡಿಸಬೇಡಿ. ಇದರ ಬಾಯಿಯ ಪೊರೆ ಕಾಗದದಷ್ಟು ತೆಳು. ಜೋರಾಗಿ ಎಳೆದರೆ ಗಾಳದ ಸುತ್ತ ಹರಿದು ಕಿಟಕಿಯಾಗುತ್ತದೆ, ಮೀನು ತಲೆ ಕೊಡವಿದಾಗ ಗಾಳ ತಾನೇ ಉದುರುತ್ತದೆ. ಡ್ರ್ಯಾಗನ್ನು ಕೈಯಿಂದ ಎಳೆದರೆ ದಾರ ಸುಲಭವಾಗಿ ಬಿಚ್ಚುವಷ್ಟು ಸಡಿಲಿಸಿ, ದೋಣಿಗೆ ಎತ್ತುವಾಗ ಬಲೆಬುಟ್ಟಿ ಬಳಸಿ.

ದಾರ 4ರಿಂದ 6 ಪೌಂಡ್ ಭಾರ ತಾಳುವಂಥದ್ದು. ಗಾಳ 2 ಅಥವಾ 4ನೇ ನಂಬರಿನ, ತೆಳು ತಂತಿಯ, ಉದ್ದ ಕಾಂಡದ ಅಬರ್ಡೀನ್. ಅದರಿಂದ ಒಂದು, ಒಂದೂವರೆ ಅಡಿ ಮೇಲೆ ಒಂದೇ ಸೀಸದ ಗುಂಡು. ತೆಳು ತಂತಿಯ ಗಾಳ ಬೇಕೆನ್ನುವುದಕ್ಕೆ ಇನ್ನೊಂದು ಕಾರಣ ಡಾಕ್ ಅಡಿಯ ಕೊಂಬೆಗಳು: ಸಿಕ್ಕಿಕೊಂಡಾಗ ನಿಧಾನವಾಗಿ ಎಳೆದರೆ ಗಾಳ ನೆಟ್ಟಗಾಗಿ ಬಿಡಿಸಿಕೊಳ್ಳುತ್ತದೆ, ದಾರ ಉಳಿಯುತ್ತದೆ. ಇಕ್ಕಳದಿಂದ ಮತ್ತೆ ಬಗ್ಗಿಸಿ, ಮೊನೆಯನ್ನು ಉಗುರಿಗೆ ಒತ್ತಿ ನೋಡಿ. ಜಾರಿದರೆ ಆ ಗಾಳ ಬದಲಿಸಿ, ಉಗುರಿಗೆ ಕಚ್ಚಿಕೊಂಡರೆ ಅದಕ್ಕೇ ಮಿನ್ನೋ ಸಿಕ್ಕಿಸಿ ಮೊದಲಿನ ಆಳಕ್ಕೇ ಇಳಿಸಿ.